ತಣ್ಣೀರಿನ ನಲ್ಲಿಯಲ್ಲಿ ಬಿಸಿನೀರು

ನಮ್ಮ ಕಡೆ ಹೋಟೆಲ್ ಎಂದರೆ ಇಡ್ಲಿ, ವಡೆ, ಕಾಫಿ. ರಾತ್ರಿ ಮಲಗುವುದಕ್ಕೆ ಬೇರೆಯದೇ ಜಾಗ, ಅದು ಲಾಡ್ಜು. ಮಂಗಳೂರಿನ ಹಂಪನಕಟ್ಟೆಯಲ್ಲಾಗಲಿ ಬೆಂಗಳೂರಿನ ಮೆಜೆಸ್ಟಿಕ್‌ನಲ್ಲಾಗಲಿ ಲಾಡ್ಜು ಹುಡುಕುವವರು ಕೌಂಟರಿನಲ್ಲಿ ಕೇಳುವ ಪ್ರಶ್ನೆಗಳು ಮೂರೇ: ಬಾಡಿಗೆ ಎಷ್ಟು, ಬಾತ್‌ರೂಮ್ ಒಳಗೇ ಇದೆಯೋ, ಬೆಳಿಗ್ಗೆ ಬಿಸಿನೀರು ಎಷ್ಟು ಹೊತ್ತಿಗೆ ಬಿಡುತ್ತೀರಿ. ಆಗಸ್ಟ್ ತಿಂಗಳಿನ ಒಂದು ಬೆಳಿಗ್ಗೆ ದುಬೈಯ ದೇರಾದಲ್ಲಿ, ಎರಡು ನಕ್ಷತ್ರದ ಹೋಟೆಲೊಂದರ ರಿಸೆಪ್ಷನ್ ಎದುರು ನಿಂತು ನಾನೂ ಅಭ್ಯಾಸಬಲದಿಂದ ಮೂರನೆಯ ಪ್ರಶ್ನೆಯನ್ನು ಕೇಳಿಬಿಟ್ಟೆ. ಅಲ್ಲಿದ್ದ ಮಲಯಾಳಿ ಹುಡುಗ ನಕ್ಕ. "ಬಿಸಿನೀರು ಇಪ್ಪತ್ತನಾಲ್ಕು ಗಂಟೆಯೂ ಬರುತ್ತದೆ ಸಾರ್. ತಣ್ಣೀರು ಬೇಕಾದರೆ ಮಾತ್ರ ಒಂದು ದಿನ ಮೊದಲೇ ಹೇಳಿ" ಎಂದ.

ತಮಾಷೆ ಮಾಡುತ್ತಿದ್ದಾನೆ ಅಂದುಕೊಂಡೆ. ಕೋಣೆಗೆ ಹೋಗಿ ನೀಲಿ ಗುರುತಿನ ನಲ್ಲಿ ತಿರುಗಿಸಿದ ಮೇಲೆ ಗೊತ್ತಾಯಿತು. ಬಾಣಂತಿ ಸ್ನಾನಕ್ಕೆ ಸಾಕಾಗುವಷ್ಟು ಬಿಸಿ.

ಕಾರಣ ಸರಳ. ದುಬೈಯಲ್ಲಿ ನದಿಯಿಲ್ಲ, ಕೆರೆಯಿಲ್ಲ. ಸಮುದ್ರದ ನೀರಿನ ಉಪ್ಪು ತೆಗೆದು ಜೆಬೆಲ್ ಅಲಿಯ ಸ್ಥಾವರದಿಂದ ಊರಿಗೆಲ್ಲ ಹಂಚುತ್ತಾರೆ. ಹಳೆಯ ಬಡಾವಣೆಗಳ ಕಟ್ಟಡಗಳಲ್ಲಿ ಆ ನೀರು ತಾರಸಿಯ ಟ್ಯಾಂಕಿ ಹತ್ತಿ ಕೂರುತ್ತದೆ. ಹಗಲು 43, 44 ಡಿಗ್ರಿ ಬಿಸಿಲು, ರಾತ್ರಿಯೂ 30ಕ್ಕಿಂತ ಕೆಳಗೆ ಇಳಿಯದ ಸೆಕೆ. ಟ್ಯಾಂಕಿಯ ನೀರಿಗೆ ತಣಿಯಲು ಹೊತ್ತೇ ಸಿಗುವುದಿಲ್ಲ. ಅಲ್ಲೇ ಸಂಸಾರ ಹೂಡಿದವರು ಇದಕ್ಕೊಂದು ಉಪಾಯ ಕಂಡುಕೊಂಡಿದ್ದಾರೆ. ಜೂನ್ ಬಂತೆಂದರೆ ಗೀಸರ್ ಸ್ವಿಚ್ ಆರಿಸಿಬಿಡುತ್ತಾರೆ. ಗೀಸರ್ ಇರುವುದು ಕಟ್ಟಡದ ಒಳಗೆ, ಏಸಿಯ ತಂಪಿನಲ್ಲಿ. ಒಂದೆರಡು ದಿನದಲ್ಲಿ ಅದರೊಳಗಿನ ನೀರು ಕೋಣೆಯ ಹದಕ್ಕೆ ಇಳಿಯುತ್ತದೆ. ಆಮೇಲೆ ಸೆಪ್ಟೆಂಬರ್ ಕಳೆಯುವ ತನಕ ಕೆಂಪು ಗುರುತಿನ ನಲ್ಲಿಯಲ್ಲಿ ತಣ್ಣೀರು, ನೀಲಿ ಗುರುತಿನದರಲ್ಲಿ ಬಿಸಿನೀರು. ತಣ್ಣೀರಾದರೂ ತಣಿಸಿ ಕುಡಿ ಎಂದು ನಮ್ಮಜ್ಜಿ ಹೇಳುತ್ತಿದ್ದ ಗಾದೆ ಅತಿ ಎಚ್ಚರದವರನ್ನು ಕುರಿತದ್ದೆಂದು ಇಷ್ಟು ವರ್ಷ ತಿಳಿದಿದ್ದೆ. ದೇರಾದಲ್ಲಿ ಅದು ಪ್ಲಂಬಿಂಗ್ ಸಲಹೆ.

ಅಕ್ಕನ ಮಗ ದುಬೈಯಲ್ಲಿದ್ದಾನೆ, ಹೋಟೆಲ್ ಯಾಕೆ ಎಂದು ಊರಿನಲ್ಲಿ ಎಲ್ಲರೂ ಕೇಳಿದರು. ಅವನು ಅಲ್ಲಿರುವುದು ನಿಜ. ಆದರೆ ಅವನಿರುವುದು ಬೆಡ್‌ಸ್ಪೇಸ್‌ನಲ್ಲಿ. ಕೊಲ್ಲಿಯಲ್ಲಿ ದುಡಿಯುವವರ ಮನೆಯವರಿಗೆ ಈ ಪದ ಗೊತ್ತಿರುತ್ತದೆ, ಅರ್ಥ ಗೊತ್ತಿರುವುದಿಲ್ಲ. ಒಂದು ಕೋಣೆಯಲ್ಲಿ ಎರಡು ಅಂತಸ್ತಿನ ಮೂರು ಕಬ್ಬಿಣದ ಮಂಚ, ಆರು ಜನ. ತಿಂಗಳ ಬಾಡಿಗೆ ಕೊಡುವುದು ಮಂಚಕ್ಕೆ. ಅದರ ಸುತ್ತ ಒಂದು ಪರದೆ ಎಳೆದುಕೊಂಡರೆ ಅದೇ ಮನೆ. ಅದಕ್ಕಿಂತ ಒಂದು ಮೆಟ್ಟಿಲು ಮೇಲೆ ಪಾರ್ಟಿಷನ್, ಎಂದರೆ ಹಾಲ್‌ನ ನಡುವೆ ಜಿಪ್ಸಮ್ ಹಲಗೆ ನಿಲ್ಲಿಸಿ ಮಾಡಿದ ಗೂಡು. ಬೆಂಕಿ ಬಿದ್ದರೆ ಓಡಲು ದಾರಿ ಇರುವುದಿಲ್ಲವೆಂದು ಅನುಮತಿಯಿಲ್ಲದ ಪಾರ್ಟಿಷನ್‌ಗಳನ್ನು ಒಡೆಸುವ ಕೆಲಸಕ್ಕೆ ದುಬೈ ನಗರಾಡಳಿತ 2025ರಲ್ಲಿ ಬಿರುಸಿನಿಂದ ಇಳಿಯಿತು. ಹೀಗಿರುವಾಗ ಊರಿನಿಂದ ಬಂದ ಮಾವನನ್ನು ಹುಡುಗ ಎಲ್ಲಿ ಮಲಗಿಸಬೇಕು? "ಮಾವ, ನೀವು ಹೋಟೆಲೇ ಮಾಡಿ. ನಾನು ಸಂಜೆ ಅಲ್ಲಿಗೇ ಬರ್ತೇನೆ" ಎಂದ. ದೇರಾದ ಅಗ್ಗದ ಹೋಟೆಲ್‌ಗಳಲ್ಲಿ ಹೀಗೆ ಬಂದಿಳಿದ ಅಪ್ಪಂದಿರು, ಅತ್ತೆಯರು, ಚಿಕ್ಕಪ್ಪಂದಿರು ದಿನಕ್ಕೊಬ್ಬರಾದರೂ ಲಿಫ್ಟಿನಲ್ಲಿ ಸಿಗುತ್ತಿದ್ದರು. ಮಿಕ್ಕವರು ಆಫ್ರಿಕಾದಿಂದ ಬಟ್ಟೆ, ಮೊಬೈಲ್ ಕೊಳ್ಳಲು ಬಂದ ವ್ಯಾಪಾರಿಗಳು, ಉಜ್ಬೆಕ್ ಹೆಂಗಸರು, ವಿಸಿಟ್ ವೀಸಾದಲ್ಲಿ ಕೆಲಸ ಹುಡುಕುತ್ತಿರುವ ಹುಡುಗರು.

ಬಿಸಿಲು ನನಗೆ ಹೊಸದಲ್ಲ. ರಾಯಚೂರಿನಲ್ಲಿ ನಾಲ್ಕು ವರ್ಷ ಕೆಲಸ ಮಾಡಿದವನು, 43 ಡಿಗ್ರಿಯಲ್ಲಿ ಸೈಕಲ್ ತುಳಿದವನು. ಮಂಗಳೂರಿನ ಬೆವರೂ ಗೊತ್ತು. ದುಬೈಯಲ್ಲಿ ಈ ಎರಡೂ ಒಟ್ಟಿಗೆ ಬರುತ್ತವೆ, ಪೇಚು ಇರುವುದು ಅಲ್ಲಿ. ಪರ್ಷಿಯನ್ ಕೊಲ್ಲಿ ಆಳವಿಲ್ಲದ ಸಮುದ್ರ, ಸರಾಸರಿ ಸುಮಾರು 35 ಮೀಟರ್ ಅಷ್ಟೆ. ಕಡಾಯಿಯಲ್ಲಿಟ್ಟ ನೀರಿನಂತೆ ಬೇಗ ಕಾಯುತ್ತದೆ. ಬೇಸಿಗೆಯಲ್ಲಿ ಅದರ ಮೇಲ್ಮೈ ನೀರಿನ ಉಷ್ಣಾಂಶ 32 ಡಿಗ್ರಿ ದಾಟುತ್ತದೆ. ಮಧ್ಯಾಹ್ನದ ಸಮುದ್ರಗಾಳಿ ಆ ಹಬೆಯನ್ನು ಹೊತ್ತುಕೊಂಡು ಊರಿನೊಳಗೆ ಬರುತ್ತದೆ. ರಾಯಚೂರಿನ ಒಣಗಾಳಿ ಬೆವರನ್ನು ಬಂದ ಹಾಗೆಯೇ ಒರೆಸಿಕೊಂಡು ಹೋಗಿ ಮೈಯನ್ನು ತಣಿಸುತ್ತದೆ. ಇಲ್ಲಿ ಗಾಳಿಯೇ ನೀರು ಕುಡಿದು ಕೂತಿರುವಾಗ ಬೆವರು ಎಲ್ಲಿಗೆ ಹೋಗಬೇಕು? ಮೈಮೇಲೆಯೇ ನಿಲ್ಲುತ್ತದೆ. ಹೋಟೆಲಿನ ಬಾಗಿಲು ತೆರೆದು ಹೊರಗೆ ಕಾಲಿಟ್ಟ ಕೂಡಲೇ ಕನ್ನಡಕ ಮಂಜಾಗಿ ಒಂದು ನಿಮಿಷ ಏನೂ ಕಾಣುವುದಿಲ್ಲ. ಬೆಳಗಿನ ಜಾವ ಕಿಟಕಿಯ ಗಾಜಿನ ಮೇಲೆ ನೀರು ಇಳಿಯುತ್ತಿರುತ್ತದೆ, ಹೊರಗಡೆಯಿಂದ. ನಮ್ಮ ಮಡಿಕೇರಿಯಲ್ಲಿ ಗಾಜಿನ ಒಳಗಡೆ ಆಗುವುದು ಇಲ್ಲಿ ತಿರುಗುಮುರುಗು.

ಹೊರಗೆ ಕೆಲಸ ಮಾಡುವವರಿಗೆ ಜೂನ್ 15ರಿಂದ ಸೆಪ್ಟೆಂಬರ್ 15ರವರೆಗೆ ಮಧ್ಯಾಹ್ನ 12.30ರಿಂದ 3 ಗಂಟೆಯ ತನಕ ಬಿಡುವು ಕೊಡಲೇಬೇಕೆಂಬ ನಿಯಮ ಅಲ್ಲಿ ಎರಡು ದಶಕದಿಂದ ಇದೆ. ಬಸ್ ನಿಲ್ದಾಣಗಳಿಗೂ ಏಸಿ ಇದೆ. ಈ ಊರಿನಲ್ಲಿ ಅಗ್ಗದ ಹೋಟೆಲಿಗೆ ದುಡ್ಡು ಕೊಡುವಾಗ ನಾವು ಕೊಳ್ಳುವುದು ತಂಪನ್ನು. ಮಂಚ, ಟಿವಿ, ಎರಡು ಪುಟ್ಟ ಬಾಟಲಿ ನೀರು ಎಲ್ಲ ಅದರ ಜತೆಗೆ ಬರುವ ಕೊಸರು. ಇದೊಂದು ತಲೆಗೆ ಹೊಕ್ಕರೆ ಮಿಕ್ಕ ಲೆಕ್ಕಗಳೆಲ್ಲ ತಾವಾಗಿಯೇ ಬಿಡಿಸಿಕೊಳ್ಳುತ್ತವೆ.

ಮೊದಲು ಬಾಡಿಗೆ. ಚಳಿಗಾಲದಲ್ಲಿ, ಅದರಲ್ಲೂ ಹೊಸ ವರ್ಷದ ಹೊತ್ತಿಗೆ ದುಬೈಯಲ್ಲಿ ಕೋಣೆ ಸಿಗುವುದೇ ಕಷ್ಟ. ಬೇಸಿಗೆಯಲ್ಲಿ ಪ್ರವಾಸಿಗರು ಕಡಿಮೆ, ಬಾಡಿಗೆಯೂ ಅರ್ಧಕ್ಕೆ ಇಳಿಯುತ್ತದೆ. ನನ್ನ ಕೋಣೆಗೆ ಮೊಬೈಲಿನಲ್ಲಿ ಕಂಡ ದರ ದಿನಕ್ಕೆ 150 ದಿರ್ಹಮ್. ದಿರ್ಹಮ್ ಆಗ ಇಪ್ಪತ್ತಮೂರು ರೂಪಾಯಿ ದಾಟಿತ್ತು. ಬಿಲ್ಲು ಬಂದಾಗ ಅದು ಇನ್ನೂರರ ಹತ್ತಿರ ಹೋಗಿತ್ತು. ಮೋಸವೇನಲ್ಲ, ಎಲ್ಲ ಕಾನೂನುಬದ್ಧ: ಶೇ 10 ಸರ್ವಿಸ್ ಚಾರ್ಜ್, ಶೇ 7 ನಗರಾಡಳಿತದ ಶುಲ್ಕ, 2018ರ ಜನವರಿಯಿಂದ ಬಂದ ಶೇ 5 ವ್ಯಾಟ್, ಇವೆಲ್ಲದರ ಮೇಲೆ ಟೂರಿಸಂ ದಿರ್ಹಮ್. ಇದು 2014ರಲ್ಲಿ ಆರಂಭವಾದ ರಾತ್ರಿವಾರು ತೆರಿಗೆ. ಹೋಟೆಲಿನ ನಕ್ಷತ್ರ ನೋಡಿ ಕೋಣೆಯೊಂದಕ್ಕೆ 7ರಿಂದ 20 ದಿರ್ಹಮ್. ಈ ತೆರಿಗೆಯನ್ನು ಬಹಳ ಕಡೆ ಬುಕಿಂಗ್ ಹೊತ್ತಿನಲ್ಲಿ ತೋರಿಸದೆ ಕೌಂಟರಿನಲ್ಲಿ ಕೈಯಿಂದ ವಸೂಲು ಮಾಡುತ್ತಾರೆ. ಇದಲ್ಲದೆ ಠೇವಣಿ ಬೇರೆ. ಕೋಣೆ ಬಿಡುವಾಗ ವಾಪಸ್ ಕೊಡುತ್ತಾರೆ, ಆದರೆ ಕಾರ್ಡಿನಲ್ಲಿ ಕಟ್ಟಿದರೆ ಅದು ಖಾತೆಗೆ ತಿರುಗಿ ಬರಲು ವಾರಗಟ್ಟಲೆ ಹಿಡಿಯಬಹುದು. ನಗದು ಕೊಟ್ಟು ಚೀಟಿ ಪಡೆಯುವುದು ಲೇಸು.

ದಿರ್ಹಮನ್ನು ರೂಪಾಯಿಗೆ ಮನಸ್ಸಿನಲ್ಲೇ ಗುಣಿಸುತ್ತಾ ನಡೆಯುವ ನಮ್ಮವರ ಚಟಕ್ಕೆ ಒಂದು ಹಳೆಯ ಕತೆಯೂ ಇದೆ. ಒಂದು ಕಾಲದಲ್ಲಿ ಅಲ್ಲಿ ಗುಣಿಸುವುದೇ ಬೇಕಿರಲಿಲ್ಲ, ಓಡುತ್ತಿದ್ದದ್ದು ನಮ್ಮ ರೂಪಾಯಿಯೇ. 1959ರಲ್ಲಿ ರಿಸರ್ವ್ ಬ್ಯಾಂಕು ಕೊಲ್ಲಿಗೆಂದೇ ಬೇರೆ ಬಣ್ಣದ ನೋಟುಗಳನ್ನು ಅಚ್ಚು ಹಾಕಿಸಿತು. 1966ರ ಜೂನಿನಲ್ಲಿ ಭಾರತ ರೂಪಾಯಿಯ ಅಪಮೌಲ್ಯ ಮಾಡಿದಾಗ ಕೊಲ್ಲಿಯ ದೊರೆಗಳು ಆ ನೋಟುಗಳನ್ನು ಕೈಬಿಟ್ಟರು. ದಿರ್ಹಮ್ ಹುಟ್ಟಿದ್ದು 1973ರಲ್ಲಿ. ಈಗ ಡಾಲರಿಗೆ 3.6725ರಂತೆ ಅದನ್ನು ಕಟ್ಟಿಹಾಕಿದ್ದಾರೆ. ಹಾಗಾಗಿ ಡಾಲರ್ ಏರಿದಾಗಲೆಲ್ಲ ದೇರಾದ ಲಾಡ್ಜಿನ ಮಂಚವೂ ನಮ್ಮ ಲೆಕ್ಕದಲ್ಲಿ ಏರುತ್ತದೆ.

ಬೇಸಿಗೆಯ ಅಗ್ಗದ ದರದಲ್ಲಿ ಒಂದು ತೊಡಕಿದೆ. ಹೋಟೆಲಿಗೆ ಗಿರಾಕಿ ಕಡಿಮೆಯಾಗುವ ತಿಂಗಳಲ್ಲೇ ಕರೆಂಟ್ ಬಿಲ್ಲು ಹೆಚ್ಚಾಗುವುದು. ದೊಡ್ಡ ಹೋಟೆಲುಗಳು ಅದನ್ನು ನುಂಗಿಕೊಳ್ಳುತ್ತವೆ. ಚಿಕ್ಕವು ಎಲ್ಲೆಲ್ಲಿ ಹಿಡಿತ ಮಾಡಬಹುದೋ ಅಲ್ಲೆಲ್ಲ ಮಾಡುತ್ತವೆ. ಕಾರಿಡಾರಿನಲ್ಲಿ ಏಸಿ ಇರುವುದಿಲ್ಲ, ಮೆಟ್ಟಿಲಿನಲ್ಲಂತೂ ಹಂಡೆಯ ಒಲೆಯ ಪಕ್ಕ ನಿಂತ ಹಾಗೆ. ಗೋಡೆಯ ಮೇಲಿನ ಥರ್ಮೋಸ್ಟಾಟ್ 18 ಎಂದು ತೋರಿಸಿದರೂ ಬರುವ ಗಾಳಿ ಮಾತ್ರ ಮಾಲೀಕ ಕೆಳಗೆ ನಿಗದಿ ಮಾಡಿದ ಹದದ್ದು. ತಾರಸಿಯ ಮೇಲೆ ಈಜುಕೊಳ ಇದೆ ಎಂದು ಚಿತ್ರ ತೋರಿಸಿರುತ್ತಾರೆ. ದುಬಾರಿ ಹೋಟೆಲುಗಳಲ್ಲಿ ಬೇಸಿಗೆಯಲ್ಲಿ ಕೊಳದ ನೀರನ್ನು ಯಂತ್ರವಿಟ್ಟು ತಣಿಸುತ್ತಾರೆ. ಅಗ್ಗದ ಕಡೆ ಆ ಭಾಗ್ಯವಿಲ್ಲ. ನಾನಿದ್ದ ಹೋಟೆಲಿನ ಕೊಳದಲ್ಲಿ ಕಾಲು ಅದ್ದಿ ನೋಡಿದೆ. ಅಕ್ಕಿ ಹಾಕಿದ್ದರೆ ಗಂಜಿಯಾಗುತ್ತಿತ್ತು ಎಂದರೆ ಸ್ವಲ್ಪ ಹೆಚ್ಚಾಯಿತು, ಆದರೆ ಸ್ವಲ್ಪವೇ.

ಕೋಣೆಯ ಒಳಗೆ ಬಾಗಿಲ ಪಕ್ಕದ ಗೋಡೆಯಲ್ಲಿ ಒಂದು ಸೀಳು ಇರುತ್ತದೆ. ಕೀಲಿಯ ಕಾರ್ಡನ್ನು ಅದರೊಳಗೆ ಸಿಕ್ಕಿಸಿದರೆ ಮಾತ್ರ ದೀಪ, ಏಸಿ. ಹೊರಗೆ ಹೋಗುವಾಗ ಕಾರ್ಡು ತೆಗೆದರೆ ಎಲ್ಲ ಬಂದ್. ವಿದ್ಯುತ್ ಉಳಿತಾಯಕ್ಕೆ ಒಳ್ಳೆಯದೇ. ಆದರೆ ನಾಲ್ಕು ಗಂಟೆ ಬಿಟ್ಟು ಬಂದರೆ ಕೋಣೆ ಮುಚ್ಚಿಟ್ಟ ಕಾರಿನಂತೆ ಕಾದಿರುತ್ತದೆ, ಮತ್ತೆ ತಣಿಯಲು ಮುಕ್ಕಾಲು ಗಂಟೆ. ಎರಡನೆಯ ದಿನ ಕೋಣೆ ಗುಡಿಸಲು ಬಂದ ನೇಪಾಳದ ಹುಡುಗ ನನ್ನ ಮುಖ ನೋಡಿ, "ಅದಕ್ಕೆ ಯಾವ ಕಾರ್ಡಾದರೂ ನಡೆಯುತ್ತದೆ" ಎಂದು ಹಿಂದಿಯಲ್ಲಿ ಗುಟ್ಟು ಹೇಳಿದ. ಪರ್ಸಿನಲ್ಲಿ ಅವಧಿ ಮುಗಿದ ಗ್ರಂಥಾಲಯದ ಕಾರ್ಡೊಂದಿತ್ತು. ನಾಲ್ಕು ದಿನ ದೇರಾದ ಒಂದು ಕೋಣೆಯನ್ನು ಕರ್ನಾಟಕದ ಸಾರ್ವಜನಿಕ ಗ್ರಂಥಾಲಯ ತಂಪಾಗಿಟ್ಟಿತು. ಪರಿಸರದ ಬಗ್ಗೆ ಇದೇ ಅಂಕಣದಲ್ಲಿ ಬರೆದವನು ನಾನು. ತಪ್ಪೊಪ್ಪಿಗೆ ಎಂದೇ ಇದನ್ನು ದಾಖಲಿಸುತ್ತಿದ್ದೇನೆ.

ಏಸಿಯ ಬಗ್ಗೆ ಇನ್ನೊಂದು ಮಾತು. ಗಾಳಿಯಲ್ಲಿ ಅಷ್ಟು ನೀರಿರುವಾಗ ಅದನ್ನು ತಣಿಸುವ ಯಂತ್ರ ಮೊದಲು ಆ ನೀರನ್ನು ಹಿಂಡಿ ತೆಗೆಯಬೇಕು. ದೇರಾದ ಹಳೆಯ ಗಲ್ಲಿಗಳಲ್ಲಿ ನಡೆಯುವಾಗ ಮಳೆಯಿಲ್ಲದ ಊರಿನಲ್ಲಿ ತಲೆಯ ಮೇಲೆ ತಟತಟ ಹನಿ ಬೀಳುವುದು ಇದೇ. ನೀರು ಹೋಗುವ ಕೊಳವೆ ಕಟ್ಟಿಕೊಂಡರೆ ಹನಿ ಕೋಣೆಯೊಳಗೇ ಬೀಳುತ್ತದೆ, ಬೂಸಲು ಹಿಡಿಯುತ್ತದೆ. ಅಗ್ಗದ ಹೋಟೆಲಿನ ಕೋಣೆಗೆ ಕಾಲಿಟ್ಟಾಗ ಒದ್ದೆ ಗೋಣಿಚೀಲದ ವಾಸನೆ ಬಂದರೆ ಪರ್ಫ್ಯೂಮ್ ಹೊಡೆಯುತ್ತೇವೆ ಎಂಬ ಮಾತಿಗೆ ಮರುಳಾಗದೆ ಕೋಣೆ ಬದಲಿಸಿಕೊಡಿ ಎನ್ನಬೇಕು. ನಾನು ಎನ್ನಲಿಲ್ಲ. ಊರಿಗೆ ಬಂದು ಹದಿನೈದು ದಿನ ಕೆಮ್ಮಿದೆ.

ಕಿಟಕಿಯ ಮಾತಿಗೆ ಬಂದರೆ, ಕಿಟಕಿಯೇ ಇಲ್ಲದ ಕೋಣೆಗಳನ್ನು ಅಲ್ಲಿ ಒಂದಿಷ್ಟು ಕಡಿಮೆ ಬೆಲೆಗೆ ಕೊಡುತ್ತಾರೆ. ನಮ್ಮಲ್ಲಿ ಕಿಟಕಿಯಿಲ್ಲದ ಕೋಣೆ ಎಂದರೆ ಜೈಲು. ಆಗಸ್ಟಿನ ದುಬೈಯಲ್ಲಿ, ಎರಡು ಮೂರು ರಾತ್ರಿಗಾದರೆ, ಅದು ಜಾಣತನ. ಪಶ್ಚಿಮಕ್ಕೆ ದೊಡ್ಡ ಗಾಜಿರುವ ಕೋಣೆ ಸಂಜೆ ಏಳರವರೆಗೆ ಏಸಿಯೊಡನೆ ಕುಸ್ತಿ ಮಾಡುತ್ತಲೇ ಇರುತ್ತದೆ.

ಗಾಜಿಲ್ಲದ, ಕರೆಂಟಿಲ್ಲದ ಕಾಲದಲ್ಲಿ ಅಲ್ಲಿನವರು ಹೇಗಿದ್ದರು ಎಂಬ ಕುತೂಹಲವಿದ್ದರೆ ಊರನ್ನು ಇಬ್ಭಾಗ ಮಾಡುವ ಸಮುದ್ರದ ಖಾಡಿಯ ಆಚೆ ದಡದ ಅಲ್ ಫಹೀದಿ ಕೇರಿಗೆ ಹೋಗಬೇಕು. ಪರ್ಷಿಯಾದ ಬಸ್ತಕ್ ಎಂಬ ಊರಿನಿಂದ ಬಂದ ವರ್ತಕರು ಕಟ್ಟಿದ ಕೇರಿಯಾದ್ದರಿಂದ ಹಳಬರ ಬಾಯಲ್ಲಿ ಅದು ಬಸ್ತಕಿಯಾ. ಮನೆಗಳ ಮೇಲೆ ಚೌಕಾಕಾರದ ಗೋಪುರಗಳಿವೆ, ಬರ್ಜೀಲ್ ಎನ್ನುತ್ತಾರೆ. ನಾಲ್ಕು ಕಡೆಗೂ ಬಾಯಿ, ಒಳಗೆ ಕರ್ಣರೇಖೆಯಲ್ಲಿ ಅಡ್ಡಗೋಡೆ. ಗಾಳಿ ಯಾವ ದಿಕ್ಕಿನಿಂದ ಬಂದರೂ ಅಡ್ಡಗೋಡೆಗೆ ಬಡಿದು ಕೆಳಗಿನ ಕೋಣೆಗೆ ಇಳಿಯುತ್ತದೆ, ಒಳಗಿನ ಬಿಸಿಗಾಳಿ ಇನ್ನೊಂದು ಬಾಯಿಂದ ಹೊರಗೆ ಹೋಗುತ್ತದೆ. ಇದು ಉಳ್ಳವರ ವೈಭವ. ಇಲ್ಲದವರು ಖರ್ಜೂರದ ಗರಿ ಹೆಣೆದ ಗುಡಿಸಲಿನಲ್ಲಿರುತ್ತಿದ್ದರು, ಗರಿಗಳ ಸಂದಿನಿಂದ ಗಾಳಿ ಆಡುತ್ತಿತ್ತು. ಅನುಕೂಲವಿದ್ದವರು ಬೇಸಿಗೆಗೆ ಒಳನಾಡಿನ ಖರ್ಜೂರದ ತೋಟಗಳಿಗೆ ಒಂಟೆಯೇರಿ ಹೊರಟುಬಿಡುತ್ತಿದ್ದರು. ದುಬೈಗೆ ವಿದ್ಯುತ್ ಕಂಪನಿ ಬಂದದ್ದು 1959ರಲ್ಲಿ, ವಿಮಾನ ನಿಲ್ದಾಣ 1960ರಲ್ಲಿ, ಎಣ್ಣೆ ಸಿಕ್ಕಿದ್ದು 1966ರಲ್ಲಿ. ಬೇಸಿಗೆಯಲ್ಲಿ ಊರು ಖಾಲಿ ಮಾಡುತ್ತಿದ್ದ ಜಾಗಕ್ಕೆ ನಾವು ಅದೇ ಬೇಸಿಗೆಯಲ್ಲಿ ಟಿಕೆಟ್ ಕೊಂಡು ಹೋಗುವಂತಾದದ್ದು ಆಮೇಲೆ. ಆ ಗೋಪುರದ ಕೆಳಗೆ ಹತ್ತು ನಿಮಿಷ ನಿಂತೆ. ಗಾಳಿ ಬರುವುದು ನಿಜ. ಆದರೆ ಏಸಿಗೆ ಒಗ್ಗಿದ ಮೈಗೆ ಅದು ಸಾಲಲಿಲ್ಲ.

ಇನ್ನು ಚೆಕ್-ಇನ್ ಎಂಬ ಪೀಡೆ. ಭಾರತದಿಂದ ಹೋಗುವ ಅಗ್ಗದ ವಿಮಾನಗಳು ಹೊತ್ತಲ್ಲದ ಹೊತ್ತಿಗೆ ಇಳಿಸುತ್ತವೆ. ನಾನು ಇಳಿದದ್ದು ಬೆಳಗಿನ ಜಾವ. ದೇರಾ ವಿಮಾನ ನಿಲ್ದಾಣಕ್ಕೆ ತೀರ ಹತ್ತಿರ, ಅದೇ ಅದರ ದೊಡ್ಡ ಅನುಕೂಲ. ಒಂದು ಮತ್ತು ಮೂರನೆಯ ಟರ್ಮಿನಲ್‌ಗೆ ಮೆಟ್ರೊ ಇದೆ, ಎರಡನೆಯದಕ್ಕೆ ಇಲ್ಲ. ಟ್ಯಾಕ್ಸಿ ಹಿಡಿದು ಆರು ಗಂಟೆಗೆ ಹೋಟೆಲ್ ತಲಪಿದರೆ, ಬುಕಿಂಗ್ ಚೀಟಿ ನೋಡಿ ಹುಡುಗ "ರೂಮ್ ಎರಡು ಗಂಟೆಗೆ" ಎಂದ. ಮಧ್ಯಾಹ್ನ ಎರಡಕ್ಕೆ! ಎಂಟು ಗಂಟೆ ಹೊತ್ತು, ಹೊರಗೆ ಆಗಸ್ಟ್. ಕೋಣೆಯ ತಂಪು ಮಾರಾಟಕ್ಕಿರುವ ಸರಕೆಂದು ನನಗೆ ಖಚಿತವಾದದ್ದೇ ಆಗ. ಬೆಳಿಗ್ಗೆಯೇ ಬೇಕೆಂದರೆ ಅರ್ಧ ದಿನದ ಬಾಡಿಗೆ ಹೆಚ್ಚು ಕೊಡಬೇಕಿತ್ತು. ಪೆಟ್ಟಿಗೆಯನ್ನು ಕೌಂಟರಿನ ಹಿಂದೆ ಇಟ್ಟು, ಚೀಟಿ ಕಟ್ಟಿಸಿಕೊಂಡು ಹೊರಟೆ.

ಬೆಳಿಗ್ಗೆ ಆರರಿಂದ ಎಂಟರವರೆಗಿನ ದುಬೈ ಮನುಷ್ಯರು ನಡೆಯಬಹುದಾದ ದುಬೈ. ಗಲ್ಲಿಯ ಅಂಗಡಿಯಲ್ಲಿ ಒಂದು ಕಡಕ್ ಚಹಾ, ಏಲಕ್ಕಿ ಹಾಕಿ ಕುದಿಸಿ ಕುದಿಸಿ ಇಟ್ಟಿಗೆ ಬಣ್ಣಕ್ಕೆ ತಿರುಗಿದ್ದು. ಅಲ್ಲಿಂದ ಖಾಡಿಯ ದಡಕ್ಕೆ. ದೇರಾ ಒಂದು ದಡ, ಬರ್ ದುಬೈ ಇನ್ನೊಂದು. ನಡುವೆ ಅಬ್ರಾ ಎಂಬ ಮರದ ದೋಣಿ. ಇಪ್ಪತ್ತು ಜನ ಬೆನ್ನಿಗೆ ಬೆನ್ನು ಕೊಟ್ಟು ಕೂರುತ್ತಾರೆ, ಒಂದು ದಿರ್ಹಮ್ ಕೊಟ್ಟರೆ ಆಚೆ ದಡ. ನೂರೆಂಟು ಆಕರ್ಷಣೆಗಳ ಆ ಊರಿನಲ್ಲಿ ಕೊಟ್ಟ ದುಡ್ಡಿಗೆ ಇಷ್ಟು ಸುಖ ಕೊಡುವ ಇನ್ನೊಂದು ವಸ್ತು ನನಗೆ ಕಾಣಲಿಲ್ಲ. ಎರಡು ಸಲ ಹೋಗಿ ಬಂದೆ, ಬರೀ ಗಾಳಿಗೆ.

ಕರಾವಳಿಯವನಾದ್ದರಿಂದ ಆಮೇಲಿನ ಹೊತ್ತು ಕಳೆಯಲು ಮೀನು ಮಾರುಕಟ್ಟೆಗೆ ಹೋದೆ. ದೇರಾದ ಹಳೆಯ ಮೀನು ಮಾರುಕಟ್ಟೆಯ ಬದಲಿಗೆ 2017ರಲ್ಲಿ ಸಮುದ್ರದಂಚಿಗೆ ಹೊಸದು ಬಂದಿದೆ. ಇಡೀ ಮಾರುಕಟ್ಟೆಗೆ ಏಸಿ. ಮೀನಿಗೆ ಸಿಗುವ ತಂಪು ನನಗೂ ಪುಕ್ಕಟೆ ಸಿಕ್ಕಿತು. ನಮ್ಮ ಅಂಜಲ್ ಮೀನಿಗೆ ಅರಬ್ಬಿಯಲ್ಲಿ ಕನಅದ್ ಎನ್ನುತ್ತಾರೆ. ಮಾರುವವನೊಬ್ಬ ಅದನ್ನು ಕೂಗುತ್ತಿದ್ದ ಧಾಟಿಗೆ ಯಾರೋ ಕನ್ನಡ, ಕನ್ನಡ ಎಂದು ಕರೆಯುತ್ತಿದ್ದಾರೆಂದು ತಿರುಗಿ ನೋಡಿದೆ. ಹತ್ತು ಗಂಟೆಗೆ ಮಾಲ್‌ಗಳು ತೆರೆಯುತ್ತವೆ. ಬೆಂಚಿನ ಮೇಲೆ ಕೂತು ತೂಕಡಿಸುವ ನನ್ನಂಥವರು ಅಲ್ಲಿ ಹಲವರಿದ್ದರು. ಎಲ್ಲರ ಕಣ್ಣು ಗಡಿಯಾರದ ಮೇಲೆ, ಎರಡು ಗಂಟೆಗೆ.

ಹೋಟೆಲು ಮೆಟ್ರೊಗೆ ಎಷ್ಟು ದೂರ ಎಂಬುದನ್ನು ನಕ್ಷೆಯಲ್ಲಿ ನೋಡಿಯೇ ನಾನು ಆರಿಸಿದ್ದೆ: 650 ಮೀಟರ್, ಎಂಟು ನಿಮಿಷ. ಆ ಎಂಟು ನಿಮಿಷ ಜನವರಿಯದು. ಮಧ್ಯಾಹ್ನ ಎರಡಕ್ಕೆ ಅದೇ ದಾರಿಯಲ್ಲಿ ಎರಡು ಅಂಗಡಿ, ಒಂದು ಔಷಧದಂಗಡಿ, ಒಂದು ಹಣ ವಿನಿಮಯ ಕೇಂದ್ರ ಹೀಗೆ ತಂಪಿನ ಮಡುಗಳಲ್ಲಿ ನಿಂತು ನಿಂತು ಹೋಗಬೇಕು. ಬೇಡದ ತಲೆನೋವಿನ ಮಾತ್ರೆ ಮೂರು ಸಲ ಕೊಂಡೆ. ಮೆಟ್ರೊದೊಳಗೆ ಹೊಕ್ಕರೆ ಸ್ವರ್ಗ. 2009ರ ಸೆಪ್ಟೆಂಬರ್ 9ರಂದು ಕೆಂಪು ಮಾರ್ಗ, ಸರಿಯಾಗಿ ಎರಡು ವರ್ಷಕ್ಕೆ ಹಸಿರು ಮಾರ್ಗ ಶುರುವಾದವು. ದೇರಾದ ಯೂನಿಯನ್ ನಿಲ್ದಾಣದಲ್ಲಿ ಎರಡೂ ಕೂಡುತ್ತವೆ. ಬನಿಯಾಸ್ ಸ್ಕ್ವೇರ್, ಅಲ್ ರಿಗ್ಗಾ, ಯೂನಿಯನ್ ಈ ಮೂರರಲ್ಲಿ ಒಂದಕ್ಕೆ ತೀರ ಹತ್ತಿರವಿದ್ದರೆ ಮೂವತ್ತು ದಿರ್ಹಮ್ ಹೆಚ್ಚು ಕೊಟ್ಟರೂ ನಷ್ಟವಿಲ್ಲ. ಬನಿಯಾಸ್ ಸ್ಕ್ವೇರನ್ನು ಹಳಬರು ಇನ್ನೂ ನಾಸರ್ ಸ್ಕ್ವೇರ್ ಎನ್ನುತ್ತಾರೆ, ದಾರಿ ಕೇಳುವಾಗ ನೆನಪಿರಲಿ. ಮೆಟ್ರೊದಲ್ಲಿ ತಿಂದರೆ, ನೀರು ಕುಡಿದರೆ ಕೂಡ, ನೂರು ದಿರ್ಹಮ್ ದಂಡ.

ರಾತ್ರಿಯ ಕತೆ ಬೇರೆ. ಮೊದಲ ರಾತ್ರಿ ಹನ್ನೊಂದಕ್ಕೆ ದೀಪ ಆರಿಸಿದರೆ ಮಂಚದ ಕೆಳಗಿನಿಂದ ಢಂ ಢಂ ಎಂದು ಶುರುವಾಯಿತು. ಮೂರು ಗಂಟೆಯವರೆಗೆ ಹಿಂದಿ ಸಿನಿಮಾ ಹಾಡು. ದುಬೈಯಲ್ಲಿ ಮದ್ಯದ ಪರವಾನಗಿ ಬಹುಕಾಲ ಹೆಚ್ಚಾಗಿ ಸಿಗುತ್ತಿದ್ದದ್ದು ಹೋಟೆಲುಗಳಿಗೆ. ಕೋಣೆಯ ಬಾಡಿಗೆಯಲ್ಲಿ ಗಿಟ್ಟದ್ದನ್ನು ಚಿಕ್ಕ ಹೋಟೆಲುಗಳು ಬಾರ್‌ಗಳಲ್ಲಿ ಗಿಟ್ಟಿಸುತ್ತವೆ. ಎರಡು ನಕ್ಷತ್ರದ ಒಂದೇ ಕಟ್ಟಡದಲ್ಲಿ ಒಂದು ಭಾರತೀಯ ಬಾರ್, ಒಂದು ಫಿಲಿಪಿನೊ ಬ್ಯಾಂಡ್, ಒಂದು ಆಫ್ರಿಕನ್ ಕ್ಲಬ್ ಇರುವುದು ದೇರಾದಲ್ಲಿ ಆಶ್ಚರ್ಯದ ವಿಷಯವಲ್ಲ. ದರ ಅಷ್ಟು ಕಡಿಮೆ ಇರುವುದರ ಗುಟ್ಟುಗಳಲ್ಲಿ ಇದೂ ಒಂದು: ನಮ್ಮ ನಿದ್ದೆಗೆ ಕೆಳಗಿನ ಕುಡುಕರು ಸಹಾಯಧನ ಕೊಡುತ್ತಿದ್ದಾರೆ, ಅದನ್ನು ಕೆಡಿಸುತ್ತಲೂ ಇದ್ದಾರೆ. ಮರುದಿನ ಹೇಳಿಕೊಂಡಾಗ ಮೇಲಿನ ಮಹಡಿಯ, ಹಿಂಭಾಗದ ಕೋಣೆ ಕೊಟ್ಟರು. ಇದನ್ನು ಮೊದಲೇ ಕೇಳಬೇಕಿತ್ತು. ಮನೆಮಂದಿಯೊಡನೆ ಹೋಗುವವರು ಬಾರ್ ಇಲ್ಲದ ಹೋಟೆಲ್ ಅಪಾರ್ಟ್‌ಮೆಂಟ್ ಹುಡುಕುವುದು ಒಳ್ಳೆಯದು. ದೇರಾ, ಬರ್ ದುಬೈ ಎರಡೂ ಕಡೆ ಬೇಕಾದಷ್ಟಿವೆ. ಪುಟ್ಟ ಅಡುಗೆಮನೆ ಇರುತ್ತದೆ, ಕುಚ್ಚಲಕ್ಕಿ ಅಲ್ಲಿನ ಅಂಗಡಿಗಳಲ್ಲೇ ಸಿಗುತ್ತದೆ. ಬೇಯಿಸುವ ಉಸಾಬರಿ ಬೇಡವಾದರೆ ಕರಾಮಾ ಬಡಾವಣೆಗೆ ಹೋಗಿ, ಉಡುಪಿ ಶೈಲಿಯ ಊಟವೂ ಇದೆ, ಮೀನಿನ ಊಟವೂ ಇದೆ. ಪ್ಲಗ್ಗಿನ ವಿಷಯ ಮರೆಯಬೇಡಿ. ಅಲ್ಲಿಯದು ಬ್ರಿಟಿಷ್ ಮಾದರಿಯ ಚಪ್ಪಟೆ ಮೂರು ಕಡ್ಡಿ, ನಮ್ಮ ದುಂಡು ಕಡ್ಡಿ ಹೋಗುವುದಿಲ್ಲ. ಗೋಡೆಯ ತೂತಿಗೆ ಪೆನ್ನು ತೂರಿಸಿ ನುಗ್ಗಿಸುವ ಸಾಹಸ ಬೇಡ, ಅಡಾಪ್ಟರ್ ಕೊಳ್ಳಿ.

ಅಕ್ಕನ ಮಗ ದಿನಾ ಸಂಜೆ ಬಂದು ಊಟ ಮಾಡಿಸಿ, ಹತ್ತಕ್ಕೆ ಹೊರಟುಬಿಡುತ್ತಿದ್ದ. ಭಾನುವಾರ ಅವನಿಗೆ ರಜೆ. ಶನಿವಾರ ರಾತ್ರಿ ಬಂದವನು ಖಾಲಿಯಿದ್ದ ಇನ್ನೊಂದು ಮಂಚದ ಮೇಲೆ ಸುಮ್ಮನೆ ಕಾಲು ಚಾಚಿದ. "ಮಾವ, ಐದು ನಿಮಿಷ" ಎಂದ. ಬೆಡ್‌ಸ್ಪೇಸಿನ ಕೋಣೆಯಲ್ಲಿ ಒಬ್ಬ ರಾತ್ರಿ ಪಾಳಿಯವನು, ಒಬ್ಬ ನಸುಕಿನ ಪಾಳಿಯವನು. ಅಲಾರಂ ಬಾರಿಸದ, ಯಾರೂ ದೀಪ ಹಾಕದ ಕೋಣೆಯಲ್ಲಿ ಅವನು ಮಲಗಿ ಎಷ್ಟು ಕಾಲವಾಗಿತ್ತೋ. ನಾನು ಕೆಳಗೆ ಹೋಗಿ ಕೇಳಿದೆ. ಅವನ ಎಮಿರೇಟ್ಸ್ ಐಡಿಯನ್ನು ನೋಂದಾಯಿಸಿದರೆ ರಾತ್ರಿ ಉಳಿಯಬಹುದು, ಬೇರೆ ಬಾಡಿಗೆ ಬೇಡ, ಇಬ್ಬರ ಕೋಣೆಯೇ ತಾನೆ ಎಂದ ಮಲಯಾಳಿ ಹುಡುಗ. ಅಕ್ಕನ ಮಗನ ಶರ್ಟಿನ ಕಿಸೆಯಿಂದ ಕಾರ್ಡು ತೆಗೆದು, ಸ್ಕ್ಯಾನ್ ಮಾಡಿಸಿ ತಂದಿಟ್ಟೆ. ಗೊತ್ತೂ ಆಗಲಿಲ್ಲ ಅವನಿಗೆ. ಎದ್ದದ್ದು ಭಾನುವಾರ ಮಧ್ಯಾಹ್ನ ಒಂದು ಗಂಟೆಗೆ, ಹದಿನಾಲ್ಕು ತಾಸಿನ ಮೇಲೆ. ಸ್ನಾನಕ್ಕೆ ಹೋದವನು ಯೋಚಿಸದೆ ಕೆಂಪು ಗುರುತಿನ ನಲ್ಲಿಯನ್ನೇ ತಿರುಗಿಸಿದ.

ಬೇಸಿಗೆಯಲ್ಲಿ ಅತ್ತ ಹೋಗುವವರಿದ್ದರೆ ಒಬ್ಬರೇ ಇದ್ದರೂ ಎರಡು ಮಂಚದ ಕೋಣೆ ಕೇಳಿ, ಬಾಡಿಗೆಯಲ್ಲಿ ಬಹುಪಾಲು ಕಡೆ ವ್ಯತ್ಯಾಸವಿರುವುದಿಲ್ಲ. ನಿಮ್ಮವರು ಯಾರಾದರೂ ಆ ಊರಿನಲ್ಲಿದ್ದರೆ, ರಜೆಯ ಹಿಂದಿನ ರಾತ್ರಿ ಗುರುತಿನ ಚೀಟಿ ತೆಗೆದುಕೊಂಡು ಬರಲು ಹೇಳಿ.